ಎಕ್ಸ್‌ಪ್ಲೋರರ್‌ನಲ್ಲಿದೆ, ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿಲ್ಲ: ಒಂದು ನೆಟ್‌ವರ್ಕ್ ಡ್ರೈವ್ ಪ್ರಕರಣ

ದಾವಣಗೆರೆ ಕಡೆಯ ಒಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ, ಕಾಲೇಜು ವಾರ್ಷಿಕೋತ್ಸವ, ಇಂಥ ವಿಡಿಯೋ ಕೆಲಸ. ಎಡಿಟಿಂಗ್‌ಗೆ ಮೂರು ವಿಂಡೋಸ್ ಕಂಪ್ಯೂಟರ್, ಒಂದು ಮ್ಯಾಕ್. ನಾಲ್ಕರಲ್ಲೂ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್. ಮೊದಲೆಲ್ಲ ಫೂಟೇಜ್ ಇರುತ್ತಿದ್ದದ್ದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳಲ್ಲಿ. ಮದುವೆ ಸೀಸನ್ ಬಂದರೆ ಯಾವ ಡಿಸ್ಕ್ ಯಾರ ಬ್ಯಾಗಿನಲ್ಲಿದೆ ಎಂದು ಹುಡುಕುವುದೇ ಒಂದು ಕೆಲಸವಾಗುತ್ತಿತ್ತು. ಹಾಗಾಗಿ ನಾಲ್ಕು ಡಿಸ್ಕ್ ಹಿಡಿಸುವ ಒಂದು ನ್ಯಾಸ್ ತಂದರು. ನ್ಯಾಸ್ ಅಂದರೆ ನೆಟ್‌ವರ್ಕ್ ಕೇಬಲ್‌ಗೆ ಸಿಕ್ಕಿಸುವ ಡಿಸ್ಕ್ ಪೆಟ್ಟಿಗೆ. ಎಲ್ಲರ ಫೂಟೇಜ್ ಅದರಲ್ಲಿ, ಎಲ್ಲರೂ ಅಲ್ಲಿಂದಲೇ ಎಡಿಟ್ ಮಾಡುವುದು ಎಂದು ಮಾತಾಯಿತು.

ಮೊದಲನೇ ಕಂಪ್ಯೂಟರಿನಲ್ಲೇ ಕೆಲಸ ನಿಂತಿತು. ನ್ಯಾಸ್‌ನ ಫೋಲ್ಡರನ್ನು ಝಡ್ ಡ್ರೈವ್ ಎಂದು ಮ್ಯಾಪ್ ಮಾಡಿದ್ದರು, ಅಂದರೆ ಆ ಫೋಲ್ಡರಿಗೆ ಝಡ್ ಎಂಬ ಡ್ರೈವ್ ಅಕ್ಷರ ಕೊಟ್ಟಿದ್ದರು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಝಡ್ ಚೆನ್ನಾಗಿ ತೆರೆಯುತ್ತದೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಅದೇ ಕ್ಲಿಪ್ ಓಡುತ್ತದೆ. ರಿಸಾಲ್ವ್ ತೆರೆದರೆ ಎಡಗಡೆ ಪಟ್ಟಿಯಲ್ಲಿ ಸಿ ಮತ್ತು ಡಿ ಮಾತ್ರ. ಇಂಪೋರ್ಟ್ ಮೆನುವಿನಿಂದ ಹೋದರೂ ಝಡ್ ಇಲ್ಲ. ಎಕ್ಸ್‌ಪ್ಲೋರರ್‌ನಿಂದ ಕ್ಲಿಪ್ ಎಳೆದು ಬಿಡೋಣ ಎಂದರೆ ಮೌಸ್ ತುದಿಯಲ್ಲಿ ಅಡ್ಡಗೆರೆಯ ಗುರುತು ಬರುತ್ತದೆ, ಕ್ಲಿಪ್ ಒಳಗೆ ಬೀಳುವುದಿಲ್ಲ.

ನಾನು ನೋಡುವಷ್ಟರಲ್ಲಿ ಅವರು ಕೇಬಲ್ ಬದಲಾಯಿಸಿದ್ದರು. ನ್ಯಾಸ್ ರೀಸೆಟ್ ಮಾಡಿದ್ದರು. ರಿಸಾಲ್ವ್ ತೆಗೆದು ಮತ್ತೆ ಹಾಕಿದ್ದರು. ಉಚಿತ ಆವೃತ್ತಿಯಲ್ಲಿ ನೆಟ್‌ವರ್ಕ್ ಡ್ರೈವ್ ಬರಲ್ಲ, ದುಡ್ಡು ಕೊಟ್ಟು ಸ್ಟುಡಿಯೋ ಆವೃತ್ತಿ ತಗೋಬೇಕು ಎಂದು ಯಾರೋ ಹೇಳಿದ್ದರಂತೆ. ಅದು ನಿಜವಲ್ಲ. ಉಚಿತ ಆವೃತ್ತಿಯೂ ನೆಟ್‌ವರ್ಕ್‌ನಿಂದ ಫೈಲ್ ಓದುತ್ತದೆ. ಪಕ್ಕದ ಮೇಜಿನ ಎರಡನೇ ಕಂಪ್ಯೂಟರಿನಲ್ಲಿ ಅದೇ ಉಚಿತ ಆವೃತ್ತಿ, ಅದೇ ನ್ಯಾಸ್, ಯಾವ ತೊಂದರೆಯೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ಆ ಅಡ್ಡಗೆರೆಯಲ್ಲಿ

ಡ್ರೈವ್ ಕಾಣದಿರುವುದು ಒಂದು ದೂರು. ಎಳೆದು ಬಿಡಲು ಆಗದಿರುವುದು ಇನ್ನೊಂದು. ಎರಡನೆಯದಕ್ಕೂ ನೆಟ್‌ವರ್ಕ್‌ಗೂ ಸಂಬಂಧವೇ ಇಲ್ಲ. ಡೆಸ್ಕ್‌ಟಾಪ್ ಮೇಲಿದ್ದ ಒಂದು ಫೋಟೋವನ್ನು ರಿಸಾಲ್ವ್ ಒಳಗೆ ಎಳೆದು ನೋಡಿದೆವು. ಅದೂ ಬೀಳಲಿಲ್ಲ. ಫೋಟೋ ಇದ್ದದ್ದು ಅದೇ ಕಂಪ್ಯೂಟರಿನ ಸಿ ಡ್ರೈವ್‌ನಲ್ಲಿ. ಅಲ್ಲಿಗೆ ನ್ಯಾಸ್, ಕೇಬಲ್, ಸ್ವಿಚ್ ಎಲ್ಲದರ ಮೇಲಿನ ಅನುಮಾನ ಹೋಯಿತು. ಎರಡು ದೂರಿಗೂ ಒಂದೇ ಕಾರಣವಿರಬೇಕು ಅಂದರೆ ಅದು ಒಂದೇ: ರಿಸಾಲ್ವ್ ಅಡ್ಮಿನಿಸ್ಟ್ರೇಟರ್ ಆಗಿ ಓಡುತ್ತಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2007ರ ವಿಂಡೋಸ್ ವಿಸ್ಟಾದಿಂದ ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಕಾವಲು ಬಂತು. ಅಡ್ಮಿನ್ ಹಕ್ಕಿರುವ ಒಬ್ಬರು ಲಾಗಿನ್ ಆದರೆ ವಿಂಡೋಸ್ ಅವರಿಗೆ ಒಂದಲ್ಲ, ಎರಡು ಗುರುತು ಕೊಡುತ್ತದೆ. ಒಂದು ಮಾಮೂಲಿ ಗುರುತು, ಇನ್ನೊಂದು ಪೂರ್ತಿ ಅಡ್ಮಿನ್ ಗುರುತು. ನಾವು ಡಬಲ್ ಕ್ಲಿಕ್ ಮಾಡಿ ತೆರೆಯುವ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಮಾಮೂಲಿ ಗುರುತಿನಲ್ಲಿ ಓಡುತ್ತವೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿದರೆ ಆ ಪ್ರೋಗ್ರಾಮ್ ಮಾತ್ರ ಎರಡನೇ ಗುರುತಿನಲ್ಲಿ ಓಡುತ್ತದೆ. ಎರಡಕ್ಕೂ ಲಾಗಿನ್ ಸೆಷನ್ ಬೇರೆ ಬೇರೆ. ಮ್ಯಾಪ್ ಮಾಡಿದ ಡ್ರೈವ್ ಅಕ್ಷರ ಅಂಟಿಕೊಳ್ಳುವುದು ಕಂಪ್ಯೂಟರಿಗಲ್ಲ, ಆ ಸೆಷನ್‌ಗೆ. ಎಕ್ಸ್‌ಪ್ಲೋರರ್‌ನಲ್ಲಿ ಕೂತು ಝಡ್ ಮ್ಯಾಪ್ ಮಾಡಿದರೆ ಅದು ಮಾಮೂಲಿ ಸೆಷನ್ನಿನ ಝಡ್. ಅಡ್ಮಿನ್ ಆಗಿ ಓಡುವ ಪ್ರೋಗ್ರಾಮಿನ ಪಾಲಿಗೆ ಅಂಥ ಡ್ರೈವೇ ಇಲ್ಲ.

ಎಳೆದು ಬಿಡಲು ಆಗದಿರುವುದೂ ಇದೇ ಕಾವಲಿನ ಇನ್ನೊಂದು ಮುಖ. ಕಡಿಮೆ ಹಕ್ಕಿನ ಪ್ರೋಗ್ರಾಮ್ ಜಾಸ್ತಿ ಹಕ್ಕಿನ ಪ್ರೋಗ್ರಾಮಿನ ಕಿಟಕಿಗೆ ಏನನ್ನೂ ತಳ್ಳಬಾರದು ಎಂಬ ನಿಯಮವಿದೆ. ವೈರಸ್‌ಗಳು ಹಾಗೆ ನುಸುಳದಿರಲಿ ಎಂದು ಮಾಡಿದ ಒಳ್ಳೆಯ ನಿಯಮ. ಎಕ್ಸ್‌ಪ್ಲೋರರ್ ಕಡಿಮೆ ಹಕ್ಕಿನದು, ಅಡ್ಮಿನ್ ಆದ ರಿಸಾಲ್ವ್ ಜಾಸ್ತಿ ಹಕ್ಕಿನದು. ಹಾಗಾಗಿ ಅಡ್ಡಗೆರೆ.

ಖಚಿತ ಮಾಡಿಕೊಳ್ಳುವುದು ಸುಲಭ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ‘ಎಲಿವೇಟೆಡ್’ ಎಂಬ ಕಾಲಂ ಸೇರಿಸಬಹುದು. ರಿಸಾಲ್ವ್ ಸಾಲಿನಲ್ಲಿ ‘ಯೆಸ್’ ಎಂದಿತ್ತು. ಇನ್ನೊಂದು ದಾರಿಯೂ ಇದೆ. ಕಮಾಂಡ್ ಪ್ರಾಂಪ್ಟನ್ನು ಒಮ್ಮೆ ಮಾಮೂಲಾಗಿ, ಒಮ್ಮೆ ಅಡ್ಮಿನ್ ಆಗಿ ತೆರೆದು ಎರಡರಲ್ಲೂ ‘ನೆಟ್ ಯೂಸ್’ ಎಂದು ಹೊಡೆಯುವುದು. ಮೊದಲನೆಯದರಲ್ಲಿ ಝಡ್ ಬಂತು. ಎರಡನೆಯದರಲ್ಲಿ ಪಟ್ಟಿ ಖಾಲಿ. ಒಂದೇ ಪರದೆ ಮೇಲೆ ಎರಡು ಕಿಟಕಿ ಅಕ್ಕಪಕ್ಕ ಇಟ್ಟು ತೋರಿಸಿದಾಗ ಸ್ಟುಡಿಯೋದವರಿಗೆ ತಕ್ಷಣ ಅರ್ಥವಾಯಿತು.

ಅಡ್ಮಿನ್ ಆಗಿ ಓಡಲು ಶುರುವಾಗಿದ್ದಾದರೂ ಹೇಗೆ? ಹಿಂದೆ ರಿಸಾಲ್ವ್‌ಗೆ ಒಂದು ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಮ್, ಹಾಕಿದ್ದರು. ಅದು ತನ್ನ ಸೆಟ್ಟಿಂಗ್ ಫೈಲನ್ನು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೆ ಬರೆಯುತ್ತಿತ್ತು. ಅಲ್ಲಿ ಬರೆಯಲು ಮಾಮೂಲಿ ಹಕ್ಕು ಸಾಲುವುದಿಲ್ಲ. ಪ್ಲಗಿನ್ ಹಾಕಿಕೊಟ್ಟವರು ರಿಸಾಲ್ವ್ ಐಕಾನಿನ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಪುಟದಲ್ಲಿ ‘ಅಡ್ಮಿನಿಸ್ಟ್ರೇಟರ್ ಆಗಿ ಓಡಿಸು’ ಎಂದು ಟಿಕ್ ಹಾಕಿಟ್ಟಿದ್ದರು. ಪ್ಲಗಿನ್ ಓಡಿತು, ಎಲ್ಲರೂ ಮರೆತರು. ಫೂಟೇಜ್ ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿ ಇರುವವರೆಗೂ ಅದರಿಂದ ಏನೂ ತೊಂದರೆ ಕಾಣಲಿಲ್ಲ. ನ್ಯಾಸ್ ಬಂದ ಮೇಲೆ ಕಂಡಿತು.

ಟಿಕ್ ತೆಗೆದೆವು. ಪ್ಲಗಿನ್ ಬರೆಯುವ ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟೆವು. ರಿಸಾಲ್ವ್ ಮತ್ತೆ ತೆರೆದರೆ ಝಡ್ ಬಂದು ಕೂತಿತ್ತು.

ಇದಕ್ಕೆ ಇನ್ನೊಂದು ಮದ್ದು ಇದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ‘ಎನೇಬಲ್ ಲಿಂಕ್ಡ್ ಕನೆಕ್ಷನ್ಸ್’ ಎಂಬ ಮೌಲ್ಯ ಸೇರಿಸಿ 1 ಎಂದು ಕೊಟ್ಟು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೆ ಎರಡು ಸೆಷನ್ನುಗಳೂ ಮ್ಯಾಪ್ ಆದ ಡ್ರೈವ್‌ಗಳನ್ನು ಹಂಚಿಕೊಳ್ಳುತ್ತವೆ. ತುಂಬಾ ಜನ ಇದನ್ನೇ ಮೊದಲು ಮಾಡುತ್ತಾರೆ. ನನಗೆ ಇದು ಇಷ್ಟವಿಲ್ಲ. ಮದುವೆ ವಿಡಿಯೋ ಎಡಿಟ್ ಮಾಡುವ ಪ್ರೋಗ್ರಾಮಿಗೆ ಇಡೀ ಕಂಪ್ಯೂಟರಿನ ಅಡ್ಮಿನ್ ಹಕ್ಕು ಯಾಕೆ ಬೇಕು? ಪ್ಲಗಿನ್‌ಗಳು, ಟೆಂಪ್ಲೇಟ್‌ಗಳು ಎಲ್ಲಿಂದಲೋ ಬರುತ್ತವೆ. ಅವೂ ಅದೇ ಹಕ್ಕಿನಲ್ಲಿ ಓಡುತ್ತವೆ. ಇದರಿಂದ ಕಂಪ್ಯೂಟರಿನ ಸುರಕ್ಷತೆ ಕಡಿಮೆಯಾಗಬಹುದು ಎಂದು ಮೈಕ್ರೋಸಾಫ್ಟ್ ಕೂಡ ಎಚ್ಚರಿಸುತ್ತದೆ. ಅಡ್ಮಿನ್ ಟಿಕ್ ತೆಗೆಯಲು ಸಾಧ್ಯವಿದ್ದರೆ ಅದನ್ನೇ ತೆಗೆಯಬೇಕು.

ಝಡ್ ಯಾರ ಝಡ್?

ಡ್ರೈವ್ ಕಂಡಿತು, ಕೆಲಸ ಶುರುವಾಯಿತು. ಆದರೆ ಒಬ್ಬರು ಅರ್ಧ ಎಡಿಟ್ ಮಾಡಿದ ಪ್ರಾಜೆಕ್ಟನ್ನು ಇನ್ನೊಬ್ಬರು ತೆರೆದರೆ ಟೈಮ್‌ಲೈನ್ ತುಂಬಾ ಕೆಂಪು. ‘ಮೀಡಿಯಾ ಆಫ್‌ಲೈನ್’. ನನ್ನ ಅನಿಸಿಕೆಯಲ್ಲಿ ಸಣ್ಣ ಸ್ಟುಡಿಯೋಗಳು ನ್ಯಾಸ್ ಬಿಟ್ಟು ಮತ್ತೆ ಹಾರ್ಡ್‌ಡಿಸ್ಕ್‌ಗೆ ಮರಳುವುದು ಈ ಹಂತದಲ್ಲೇ.

ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೋ ಇರುವುದಿಲ್ಲ. ಪ್ರತಿ ಕ್ಲಿಪ್‌ನ ವಿಳಾಸ ಇರುತ್ತದೆ, ಅದೂ ಇಂಪೋರ್ಟ್ ಮಾಡಿದ ಕಂಪ್ಯೂಟರ್ ಕಂಡ ಹಾಗೆ. ಇಲ್ಲಿ ನಾಲ್ಕು ಕಂಪ್ಯೂಟರ್ ಒಂದೇ ಫೋಲ್ಡರನ್ನು ನಾಲ್ಕು ಹೆಸರಿನಿಂದ ಕರೆಯುತ್ತಿದ್ದವು. ಮೊದಲನೆಯದಕ್ಕೆ ಅದು ಝಡ್. ಎರಡನೆಯದಕ್ಕೆ ವೈ, ಯಾಕೆಂದರೆ ಅಲ್ಲಿ ಝಡ್ ಅಕ್ಷರ ಪ್ರಿಂಟರ್ ಜೊತೆ ಬಂದ ಯಾವುದೋ ಹಂಚಿಕೆ ಫೋಲ್ಡರಿಗೆ ಹೋಗಿತ್ತು. ಮೂರನೆಯದರಲ್ಲಿ ಅಕ್ಷರವೇ ಇಲ್ಲ, ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನ್ಯಾಸ್‌ನ ಐಪಿ ವಿಳಾಸ ಹೊಡೆದು ತೆರೆಯುತ್ತಿದ್ದರು. ಮ್ಯಾಕ್‌ನಲ್ಲಿ ‘ವಾಲ್ಯೂಮ್ಸ್’ ಫೋಲ್ಡರಿನ ಕೆಳಗೆ ‘ಮೀಡಿಯಾ-1’. ಕೊನೆಗೆ -1 ಎಲ್ಲಿಂದ ಬಂತು? ನ್ಯಾಸ್ ಒಮ್ಮೆ ಹಠಾತ್ತಾಗಿ ಆಫ್ ಆದಾಗ ಮ್ಯಾಕ್‌ನಲ್ಲಿ ‘ಮೀಡಿಯಾ’ ಎಂಬ ಖಾಲಿ ಫೋಲ್ಡರ್ ಉಳಿದುಬಿಟ್ಟಿತ್ತು. ಮುಂದಿನ ಸಲ ಅದೇ ಹೆಸರು ಸಿಗದೆ ಮ್ಯಾಕ್ ಹೊಸ ಹೆಸರು ಕೊಟ್ಟಿತ್ತು.

ಮೂರನೇ ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡದೇ ಇರುವುದಕ್ಕೂ ಒಂದು ಕಾರಣವಿತ್ತು. ಅದು ಹೊಸದು, ವಿಂಡೋಸ್ 11ರ 24ಎಚ್2 ಪ್ರೋ ಆವೃತ್ತಿ. ನ್ಯಾಸ್‌ನಲ್ಲಿ ಪಾಸ್‌ವರ್ಡ್ ಇಲ್ಲದ ‘ಗೆಸ್ಟ್’ ಪ್ರವೇಶ ಇಟ್ಟಿದ್ದರು. ಈ ಆವೃತ್ತಿಯಲ್ಲಿ ವಿಂಡೋಸ್ ಗೆಸ್ಟ್ ಪ್ರವೇಶವನ್ನು ತಾನಾಗಿಯೇ ಒಪ್ಪುವುದಿಲ್ಲ. ಹಾಗಾಗಿ ಆ ಒಂದಕ್ಕೆ ಮಾತ್ರ ಬೇರೆ ಹೆಸರು, ಪಾಸ್‌ವರ್ಡ್ ಮಾಡಿ ಹೇಗೋ ತೆರೆದುಕೊಂಡಿದ್ದರು. ನಾವು ಗೆಸ್ಟ್ ಪ್ರವೇಶವನ್ನೇ ಮುಚ್ಚಿ, ನಾಲ್ಕೂ ಜನಕ್ಕೆ ಬೇರೆ ಬೇರೆ ಹೆಸರು, ಪಾಸ್‌ವರ್ಡ್ ಕೊಟ್ಟೆವು. ಇನ್ನೊಂದು ವಿಷಯ ಇಲ್ಲಿ ಗೊತ್ತಿರಬೇಕು. ವಿಂಡೋಸ್ ಒಂದೇ ಸರ್ವರ್‌ಗೆ ಒಂದೇ ಹೊತ್ತಿಗೆ ಎರಡು ಬೇರೆ ಯೂಸರ್ ಹೆಸರಿನಿಂದ ಸಂಪರ್ಕ ಬಿಡುವುದಿಲ್ಲ, 1219 ಎಂಬ ಎರರ್ ಕೊಡುತ್ತದೆ. ಹಳೆಯ ಸಂಪರ್ಕಗಳನ್ನು ‘ನೆಟ್ ಯೂಸ್’ನಿಂದ ಪೂರ್ತಿ ಅಳಿಸಿದ ಮೇಲೆಯೇ ಹೊಸ ಹೆಸರು ಹಿಡಿಯಿತು.

ಆಮೇಲೆ ವಿಳಾಸ ಒಂದು ಮಾಡುವ ಕೆಲಸ. ಮೂರೂ ವಿಂಡೋಸ್ ಯಂತ್ರಗಳಲ್ಲಿ ಅಕ್ಷರ ಒಂದೇ ಇರಬೇಕು. ಎಂ ಎಂದು ಇಟ್ಟೆವು. ಇ, ಎಫ್, ಜಿ ಯಾವತ್ತೂ ಬೇಡ. ಕಾರ್ಡ್ ರೀಡರ್, ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ವಿಂಡೋಸ್ ಮುಂದಿನ ಖಾಲಿ ಅಕ್ಷರ ಕೊಡುತ್ತಾ ಹೋಗುತ್ತದೆ. ಎಂ ತನಕ ಅದು ಬರುವುದು ಅಪರೂಪ. ಮ್ಯಾಪ್ ಮಾಡುವಾಗ ಎಲ್ಲ ಕಡೆಯೂ ನ್ಯಾಸ್‌ನ ಹೆಸರನ್ನೇ ಬಳಸಿದೆವು, ಐಪಿ ಅಲ್ಲ. ಹೆಸರು ಸಿಗದಿದ್ದರೆ ಐಪಿ ಬೇಕಾಗಬಹುದು ಎಂದು ರೂಟರಿನಲ್ಲಿ ನ್ಯಾಸ್‌ಗೆ ಒಂದೇ ಐಪಿ ಕಾಯಂ ಮಾಡಿದೆವು.

ಮ್ಯಾಕ್‌ನಲ್ಲಿ ಡ್ರೈವ್ ಅಕ್ಷರಗಳೇ ಇಲ್ಲ ಅಲ್ವಾ? ಅದಕ್ಕೆ ರಿಸಾಲ್ವ್‌ನಲ್ಲೇ ದಾರಿ ಇದೆ. ಪ್ರಿಫರೆನ್ಸಸ್‌ನ ಮೀಡಿಯಾ ಸ್ಟೋರೇಜ್ ಪಟ್ಟಿಯಲ್ಲಿ ಪ್ರತಿ ಜಾಗದ ಪಕ್ಕ ‘ಮ್ಯಾಪ್ಡ್ ಮೌಂಟ್’ ಎಂಬ ಕಾಲಂ ಇರುತ್ತದೆ. ಈ ಜಾಗವನ್ನು ಬೇರೆ ಯಂತ್ರದಲ್ಲಿ ಏನೆಂದು ಕರೆಯುತ್ತಾರೆ ಎಂದು ಅಲ್ಲಿ ಬರೆಯಬಹುದು. ಮ್ಯಾಕ್‌ನ ಖಾಲಿ ಫೋಲ್ಡರ್ ತೆಗೆದು, ಸರಿಯಾದ ‘ಮೀಡಿಯಾ’ ಹೆಸರಿನಲ್ಲೇ ನ್ಯಾಸ್ ತೆರೆಯುವ ಹಾಗೆ ಮಾಡಿ, ಆ ಕಾಲಂನಲ್ಲಿ ಎಂ ಡ್ರೈವ್ ಬರೆದೆವು.

ಅದೇ ಪಟ್ಟಿಯಲ್ಲಿ ಒಂದು ಗುಂಡಿ ಇದೆ, ಬೀಳುವುದು ಬಹಳ ಸುಲಭ. ಪಟ್ಟಿಯ ಮೊದಲ ಸಾಲಿನಲ್ಲಿ ಯಾವ ಜಾಗ ಇದೆಯೋ ರಿಸಾಲ್ವ್ ತನ್ನ ಕ್ಯಾಶ್ ಫೈಲ್‌ಗಳನ್ನೂ (ಪ್ಲೇಬ್ಯಾಕ್ ಸರಾಗವಾಗಲು ಮಾಡಿಡುವ ತಾತ್ಕಾಲಿಕ ಫೈಲ್‌ಗಳು) ಗ್ಯಾಲರಿ ಸ್ಟಿಲ್‌ಗಳನ್ನೂ ಅಲ್ಲಿ ಹಾಕುತ್ತದೆ. ಎರಡನೇ ಕಂಪ್ಯೂಟರಿನಲ್ಲಿ ನ್ಯಾಸ್ ಮೊದಲನೇ ಸಾಲಿನಲ್ಲಿತ್ತು. ಒಬ್ಬರು ಕಲರ್ ಮಾಡಲು ಕೂತರೆ ಅವರ ಕ್ಯಾಶ್ ಪೂರ್ತಿ ನೆಟ್‌ವರ್ಕ್ ಮೇಲೆ ಬರೆಯುತ್ತಾ ಹೋಗುತ್ತಿತ್ತು, ಉಳಿದವರ ಪ್ಲೇಬ್ಯಾಕ್ ತಡವರಿಸುತ್ತಿತ್ತು. ಒಳಗಿನ ಎಸ್ಎಸ್‌ಡಿಯನ್ನು ಮೊದಲ ಸಾಲಿಗೆ ತಂದೆವು.

ಹಳೆಯ ವಿಳಾಸವಿರುವ ಪ್ರಾಜೆಕ್ಟ್‌ಗಳಿಗೆ ಕ್ಲಿಪ್‌ಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಸೋರ್ಸ್ ಫೋಲ್ಡರ್’ ಬಳಸಿದೆವು. ಝಡ್ ಇದ್ದ ಕಡೆ ಎಂ ಎಂದು ಹೇಳಿದರೆ ಒಳಗಿನ ಫೋಲ್ಡರ್ ಹಾದಿ ಹಾಗೇ ಉಳಿಯುತ್ತದೆ. ‘ರೀಲಿಂಕ್’ ಒತ್ತಿ ಇಡೀ ನ್ಯಾಸ್ ಹುಡುಕು ಎನ್ನುವುದು ಬೇರೆ ಮಾತು. ಅಲ್ಲಿ ತುಂಬಾ ಎಚ್ಚರ ಬೇಕು. ಸೋನಿ ಕ್ಯಾಮೆರಾಗಳು ಕ್ಲಿಪ್‌ಗೆ ಸಿ0001, ಸಿ0002 ಎಂದು ಹೆಸರಿಡುತ್ತವೆ. ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ ಬರಬಹುದು. ಅಂದರೆ ನ್ಯಾಸ್ ತುಂಬಾ ಸಿ0001ಗಳೇ. ಒಬ್ಬರ ಮುಹೂರ್ತದ ಜಾಗದಲ್ಲಿ ಇನ್ನೊಬ್ಬರ ಅರಿಶಿನ ಶಾಸ್ತ್ರ ಬಂದು ಕೂರುವ ಅಪಾಯ ಇದೆ, ಮತ್ತು ಅದು ಗಿರಾಕಿಯ ಮನೆ ತಲುಪಿದ ಮೇಲೆ ಸರಿಪಡಿಸುವಂಥದ್ದಲ್ಲ. ಹಾಗಾಗಿ ರೀಲಿಂಕ್ ಬೇಕೇ ಬೇಕಾದರೆ ಆ ಮದುವೆಯ ಫೋಲ್ಡರನ್ನಷ್ಟೇ ತೋರಿಸಬೇಕು.

ಕರೆಂಟ್ ಹೋಗಿ ಬಂದ ಮೇಲೆ

ಕೆಲವು ಬೆಳಿಗ್ಗೆ ಎಂ ಡ್ರೈವ್ ಮೇಲೆ ಕೆಂಪು ಗುರುತು ಇರುತ್ತಿತ್ತು. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ಬೇಗ ಎದ್ದುಬಿಡುತ್ತದೆ. ನ್ಯಾಸ್ ಏಳಲು ನಿಮಿಷಗಳೇ ಬೇಕು. ಕಂಪ್ಯೂಟರ್ ಲಾಗಿನ್ ಆಗುವಾಗ ನ್ಯಾಸ್ ಸಿಗದಿದ್ದರೆ ವಿಂಡೋಸ್ ಆ ಡ್ರೈವನ್ನು ಕಡಿದ ಸ್ಥಿತಿಯಲ್ಲೇ ಇಡುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಒಮ್ಮೆ ಅದರ ಮೇಲೆ ಕ್ಲಿಕ್ ಮಾಡಿದರೆ ಸಂಪರ್ಕ ಬರುತ್ತದೆ. ಅದಕ್ಕೂ ಮೊದಲೇ ರಿಸಾಲ್ವ್ ತೆರೆದವರಿಗೆ ಎಲ್ಲ ಆಫ್‌ಲೈನ್.

ನ್ಯಾಸ್ ಮತ್ತು ನೆಟ್‌ವರ್ಕ್ ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಹಾಕಿಸಿದೆವು. ಬರೀ ನ್ಯಾಸ್ ಹಾಕಿ ಸ್ವಿಚ್ ಬಿಟ್ಟರೆ ಪ್ರಯೋಜನವಿಲ್ಲ. ಜೊತೆಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಲಾಗಿನ್ ಆಗಿ ಸ್ವಲ್ಪ ಹೊತ್ತಿನ ಮೇಲೆ ಡ್ರೈವ್ ಮತ್ತೆ ಮ್ಯಾಪ್ ಮಾಡುವ ಒಂದು ಸಾಲಿನ ಸ್ಕ್ರಿಪ್ಟ್ ಇಟ್ಟೆವು. ಅಲ್ಲಿ ‘ಅತಿ ಹೆಚ್ಚು ಹಕ್ಕಿನೊಂದಿಗೆ ಓಡಿಸು’ ಎಂಬ ಟಿಕ್ ಹಾಕಲೇಬಾರದು. ಹಾಕಿದರೆ ಡ್ರೈವ್ ಅಡ್ಮಿನ್ ಸೆಷನ್ನಿಗೆ ಮ್ಯಾಪ್ ಆಗುತ್ತದೆ. ಮೊದಲಿನ ತೊಂದರೆ ತಲೆಕೆಳಗಾಗಿ ಮತ್ತೆ ಬರುತ್ತದೆ.

ವೇಗದ ಲೆಕ್ಕ

ಮೂರನೇ ಕಂಪ್ಯೂಟರಿನಲ್ಲಿ ಒಂದು ಕ್ಲಿಪ್ ಕೂಡ ನೆಟ್ಟಗೆ ಓಡುತ್ತಿರಲಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ ನೋಡಿದರೆ ಲಿಂಕ್ ವೇಗ 100 ಮೆಗಾಬಿಟ್ ಎಂದಿತ್ತು. ಉಳಿದವು ಗಿಗಾಬಿಟ್. ಬಾಗಿಲ ಸಂದಿಯಲ್ಲಿ ಕೇಬಲ್ ಜಜ್ಜಿಹೋಗಿತ್ತು. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ತಂತಿ ಸರಿ ಇರಬೇಕು. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಹಾಗಾಗಿ ಸಂಪರ್ಕ ಪೂರ್ತಿ ಕಡಿಯದೆ, ಸದ್ದಿಲ್ಲದೆ ಕೆಳಗಿಳಿದಿತ್ತು. ಇವರ ಫೂಟೇಜ್ 4ಕೆ, ಎಕ್ಸ್ಎವಿಸಿ ಎಸ್ ಎಂಬ ಸೋನಿ ಫಾರ್ಮ್ಯಾಟಿನದು, ಸೆಕೆಂಡಿಗೆ 100 ಮೆಗಾಬಿಟ್. ಕ್ಲಿಪ್ ಬೇಡುವುದೂ 100, ತಂತಿ ಕೊಡಬಹುದಾದ ಪೂರ್ತಿ ಮಿತಿಯೂ 100. ಓಡುವುದಾದರೂ ಹೇಗೆ?

ಕೇಬಲ್ ಹೊಸದು ಹಾಕಿದ ಮೇಲೂ ಲೆಕ್ಕ ಬಿಗಿಯಾಗಿಯೇ ಇದೆ. ಗಿಗಾಬಿಟ್‌ನಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ ಸುಮಾರು 110 ಮೆಗಾಬೈಟ್. ಮೂರು ಕ್ಯಾಮೆರಾದ ಮಲ್ಟಿಕ್ಯಾಮ್ ಅಂದರೆ 300 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ 37.5 ಮೆಗಾಬೈಟ್. ಮೂರು ಜನ ಒಟ್ಟಿಗೆ ಮಲ್ಟಿಕ್ಯಾಮ್ ಎಡಿಟ್ ಮಾಡಿದರೆ ನ್ಯಾಸ್‌ನಿಂದ ಹೊರಡುವ ಒಂದೇ ತಂತಿ ತುಂಬಿಹೋಗುತ್ತದೆ. ಫೂಟೇಜನ್ನು ಪ್ರೋರೆಸ್ 422 ಎಚ್‌ಕ್ಯೂ ಎಂಬ ಎಡಿಟಿಂಗ್ ಫಾರ್ಮ್ಯಾಟಿಗೆ ಬದಲಾಯಿಸಿಟ್ಟರೆ ಇನ್ನೂ ಕಷ್ಟ: 4ಕೆ, 25 ಫ್ರೇಮ್‌ಗೆ ಅದು ಸೆಕೆಂಡಿಗೆ 737 ಮೆಗಾಬಿಟ್. ಒಬ್ಬರ ಒಂದು ಕ್ಲಿಪ್‌ಗೇ ತಂತಿಯ ಬಹುಪಾಲು ಬೇಕು.

10 ಗಿಗಾಬಿಟ್ ಸ್ವಿಚ್, ಕಾರ್ಡ್ ಎಂದು ದುಡ್ಡು ಹಾಕುವ ಮೊದಲು ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು, ಮಾಡಿ ಎಂದು ಹೇಳಿದೆ. ಡಿಎನ್ಎಕ್ಸ್ಎಚ್ಆರ್ ಎಲ್‌ಬಿ ಎಂಬ ಫಾರ್ಮ್ಯಾಟಿನಲ್ಲಿ, 1080ರ ಗಾತ್ರದಲ್ಲಿ ಮಾಡಿದರೆ ಒಂದು ಕ್ಲಿಪ್ ಸೆಕೆಂಡಿಗೆ 40 ಮೆಗಾಬಿಟ್ ಒಳಗೇ ಮುಗಿಯುತ್ತದೆ. ಕಾರ್ಡ್ ಖಾಲಿ ಮಾಡಿದ ರಾತ್ರಿ ಒಂದು ಕಂಪ್ಯೂಟರ್ ಪ್ರಾಕ್ಸಿ ಮಾಡುತ್ತಾ ಇರುತ್ತದೆ. ಎಡಿಟ್ ಪ್ರಾಕ್ಸಿಯಲ್ಲಿ, ಕೊನೆಯ ರೆಂಡರ್ ಮಾತ್ರ ಮೂಲ ಫೂಟೇಜ್‌ನಲ್ಲಿ. ಅಂದಹಾಗೆ ಎಲ್ಲ ತಡವರಿಕೆಯೂ ನೆಟ್‌ವರ್ಕ್‌ನಿಂದ ಬರುವುದಿಲ್ಲ. ಅನುಮಾನ ಬಂದರೆ ಅದೇ ಕ್ಲಿಪ್ಪನ್ನು ಒಳಗಿನ ಎಸ್ಎಸ್‌ಡಿಗೆ ಕಾಪಿ ಮಾಡಿ ಓಡಿಸಿ. ಅಲ್ಲೂ ತಡವರಿಸಿದರೆ ಅದು ಗ್ರಾಫಿಕ್ಸ್ ಕಾರ್ಡ್‌ನ ಮಾತು. ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಕ್ಲಿಪ್‌ಗಳನ್ನು ಬಿಡಿಸಲಾಗದ ಕಾರ್ಡ್‌ಗಳು ಬಹಳ ಇವೆ.

ಒಂದೇ ಹೆಸರಿನ ಎರಡು ಫೋಲ್ಡರ್

ಈ ಪ್ರಕರಣದಲ್ಲಿ ಇದೇ ನನಗೆ ಬಹಳ ಮುಖ್ಯ ಅನಿಸಿದ್ದು. ಇಂಗ್ಲಿಷ್‌ನಲ್ಲಿ ಫೋಲ್ಡರ್ ಹೆಸರಿಡುವವರಿಗೆ ಇದು ಎದುರಾಗುವುದೇ ಇಲ್ಲ. ಇವರು ಫೋಲ್ಡರ್‌ಗಳಿಗೆ ಕನ್ನಡದಲ್ಲೇ ಹೆಸರಿಡುತ್ತಾರೆ. ನ್ಯಾಸ್‌ನಲ್ಲಿ ‘ಹೊನ್ನಾಳಿ ಮದುವೆ’ ಎಂಬ ಫೋಲ್ಡರ್ ಎರಡಿತ್ತು. ಅಕ್ಷರ ಅಕ್ಷರವೂ ಒಂದೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಆಗುವುದಿಲ್ಲ, ಆದರೂ ಇದ್ದವು. ಒಂದು ಫೋಲ್ಡರಿಗೆ ಲಿಂಕ್ ಆಗಬೇಕಾದ ಕ್ಲಿಪ್‌ಗಳು ಫೈಲ್ ಸಿಗುತ್ತಿಲ್ಲ ಎನ್ನುತ್ತಿದ್ದವು.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಹೊ’ ಬರೆಯಲು ಎರಡು ದಾರಿ. ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಎಂದು ಎರಡು ಸಂಕೇತವಾಗಿ ಒಡೆದೂ ಬರೆಯಬಹುದು. ಪರದೆ ಮೇಲೆ ಎರಡೂ ‘ಹೊ’. ಕೀ, ಕೇ, ಕೈ, ಕೊ, ಕೋ, ಈ ಐದು ಬಗೆಯ ಕಾಗುಣಿತಕ್ಕೆ ಹೀಗೆ ಎರಡು ರೂಪವಿದೆ. ಕಾ, ಕಿ, ಕು, ಕೆ, ಕೌಗೆ ಇಲ್ಲ. ವಿಂಡೋಸ್ ಕೀಬೋರ್ಡ್‌ನಲ್ಲಿ ಹೊಡೆದರೆ ಸಾಮಾನ್ಯವಾಗಿ ಕೂಡಿದ ರೂಪ ಬರುತ್ತದೆ. ಮ್ಯಾಕ್‌ನ ಹಳೆಯ ಎಚ್ಎಫ್ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಒಡೆದ ರೂಪದಲ್ಲಿ ಉಳಿಸುತ್ತವೆ. ನ್ಯಾಸ್ ಒಳಗಿರುವುದು ಲಿನಕ್ಸ್. ಅದು ಹೆಸರನ್ನು ಸಂಕೇತಗಳ ಸಾಲಾಗಿ ಮಾತ್ರ ನೋಡುತ್ತದೆ. ಸಾಲು ಬೇರೆಯಾದರೆ ಫೋಲ್ಡರ್ ಬೇರೆ.

ಆಗಿದ್ದು ಇಷ್ಟು. ಮ್ಯಾಕ್‌ನ ಒಂದು ಹಳೆಯ ಡಿಸ್ಕನ್ನು ಆರ್‌ಸಿಂಕ್ ಎಂಬ ಕಾಪಿ ಮಾಡುವ ಪ್ರೋಗ್ರಾಮಿನಿಂದ ನೇರವಾಗಿ ನ್ಯಾಸ್‌ಗೆ ಕಾಪಿ ಮಾಡಿದ್ದರು, ಹೆಸರು ಒಡೆದ ರೂಪದಲ್ಲೇ ಹೋಗಿತ್ತು. ಆಮೇಲೆ ವಿಂಡೋಸ್‌ನಿಂದ ಯಾರೋ ಅದೇ ಹೆಸರು ಹೊಡೆದು ಇನ್ನೊಂದು ಫೋಲ್ಡರ್ ಮಾಡಿದ್ದರು. ಒಡೆದ ರೂಪದ ಫೋಲ್ಡರಿನ ಹೆಸರನ್ನು ಬದಲಾಯಿಸಿ, ಒಳಗಿದ್ದದ್ದನ್ನು ಇನ್ನೊಂದಕ್ಕೆ ಸೇರಿಸಿ, ಕ್ಲಿಪ್‌ಗಳನ್ನು ಲಿಂಕ್ ಮಾಡಿದೆವು. ಮುಂದೆ ಆ ಡಿಸ್ಕ್‌ಗಳಿಂದ ಕಾಪಿ ಮಾಡುವಾಗ ಆರ್‌ಸಿಂಕ್ 3ರ ‘ಐಕಾನ್ವ್’ ಆಯ್ಕೆ ಬಳಸಬೇಕು. ಅದು ದಾರಿಯಲ್ಲೇ ರೂಪ ಬದಲಾಯಿಸುತ್ತದೆ.

ಇನ್ನು ಮೇಲೆ ಇಂಗ್ಲಿಷ್‌ನಲ್ಲೇ ಹೆಸರಿಡೋಣವಾ ಎಂದು ಅವರು ಕೇಳಿದರು. ಬೇಡ ಎಂದೆ. ಹುಡುಕುವವರು ಕನ್ನಡ ಓದುವವರು, ಗಿರಾಕಿಗಳ ಹೆಸರು ಕನ್ನಡದವು. ಪ್ರತಿ ಫೋಲ್ಡರ್ ಹೆಸರಿನ ಮುಂದೆ ತಾರೀಕು ಮತ್ತು ಒಂದು ಕೆಲಸದ ಸಂಖ್ಯೆ ಇರಲಿ, ಆಮೇಲೆ ಕನ್ನಡದ ಹೆಸರು. ಹೆಸರು ಒಬ್ಬರೇ, ಒಂದೇ ಕಂಪ್ಯೂಟರಿನಿಂದ ಇಡಲಿ. ಉಳಿದವರು ಹೊಸದಾಗಿ ಹೊಡೆಯದೆ ಅದನ್ನೇ ಬಳಸಲಿ.

ಹಳೆಯ ಪ್ರಾಜೆಕ್ಟ್‌ಗಳನ್ನೆಲ್ಲ ಒಟ್ಟಿಗೆ ಸರಿಪಡಿಸಲು ಹೋಗಲಿಲ್ಲ. ಯಾರಾದರೂ ಹಳೆಯ ಮದುವೆಯ ವಿಡಿಯೋ ಮತ್ತೆ ಕೇಳಿಕೊಂಡು ಬಂದಾಗ ಆ ಒಂದನ್ನು ನ್ಯಾಸ್‌ಗೆ ತಂದು, ವಿಳಾಸ ಎಂ ಡ್ರೈವ್‌ಗೆ ಬದಲಾಯಿಸಿ ಉಳಿಸುತ್ತಾರೆ. ಪ್ಲಗಿನ್‌ನ ಹೊಸ ಆವೃತ್ತಿ ಹಾಕಿದಾಗಲೆಲ್ಲ ಕಂಪ್ಯಾಟಿಬಿಲಿಟಿ ಪುಟ ತೆರೆದು ಅಡ್ಮಿನ್ ಟಿಕ್ ಮತ್ತೆ ಬಂದಿದೆಯಾ ಎಂದು ನೋಡುತ್ತಾರೆ.